ಹಬ್ಬ ಜಾತ್ರೆಗಳ ಕಾಲದಲ್ಲಿ ತೋಟದ ಹುಟ್ಟುವಳಿಗೆ ಧಾರಣೆ ಗೊತ್ತುಮಾಡುವ ಕ್ರಮ

(ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಗ್ರಾಮಮುಖಂಡರಿಗೂ ಜಮೀನುದಾರರಿಗೂ ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು ಬರೆದುದು)

ನಮ್ಮ ರೈತರು ಭೂಮಿಯನ್ನು ಹದಗೊಳಿಸುವುದರಲ್ಲಿಯೂ, ಗೊಬ್ಬರ ನೀರುಗಳನ್ನು ಒದಗಿಸುವುದರಲ್ಲಿಯೂ ತೋರಿಸುವ ಶ್ರದ್ಧೆಯ ಕಾಲುಪಾಲನ್ನಾದರೂ, ಬಂದ ಹುಟ್ಟುವಳಿಯನ್ನು ವಿಕ್ರಯ ಮಾಡುವುದರಲ್ಲಿ ತೋರಿಸುವುದಿಲ್ಲವೆಂಬುದು ಹಳೆಯ ಮಾತು. ಮಿಕ್ಕ ದಿನಗಳಲ್ಲಿ ಈ ಉದಾಸೀನದಿಂದ ಆಗುವ ಲುಕ್ಸಾನು ಅಲ್ಪಸ್ವಲ್ಪವಾಗಿ ಹಂಚಿಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಹಬ್ಬ, ಜಾತ್ರೆ, ರಥೋತ್ಸವಗಳ ಕಾಲದಲ್ಲಾದರೋ, ಬಾಳೆಯ ತೋಟ ಇಟ್ಟವನ ಒಂದು ವರ್ಷದ ದುಡಿಮೆ ನಾಲ್ಕೈದು ದಿನಗಳಲ್ಲಿಯೇ ಇತ್ಯರ್ಥವಾಗಿಬಿಡುತ್ತದೆ. ಆ ನಾಲ್ಕೈದು ದಿನಗಳಲ್ಲಿ ಯಾವ ಧಾರಣೆ ಹೇಳಬೇಕು, ಎಷ್ಟು ಹೊತ್ತಿನವರೆಗೆ ಅದನ್ನು ಹಿಡಿದು ನಿಲ್ಲಬೇಕು, ಯಾವಾಗ ಇಳಿಸಬೇಕು ಎಂಬುದನ್ನು ಮುಂಚಿತವಾಗಿ ಯೋಚಿಸಿ ಹೊರಡುವವರು ಬಹಳ ವಿರಳ.

ಈ ಎರಡು ತಾಲ್ಲೂಕುಗಳಷ್ಟು ಜಾತ್ರೆಗಳ ಅನುಕೂಲವುಳ್ಳ ಸೀಮೆ ಬೇರೆ ಕಡೆ ದೊರೆಯುವುದು ಕಷ್ಟ. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿಯವರ ದೊಡ್ಡ ಜಾತ್ರೆ ನಡೆದು ಐದು ರಥಗಳು ಹೊರಡುತ್ತವೆ. ಚಳಿಗಾಲದಲ್ಲಿ ಚಿಕ್ಕ ಜಾತ್ರೆ ಉಂಟು. ಸುತ್ತೂರಿನ ಜಾತ್ರೆಯೂ ಮುಡುಕುತೊರೆಯ ಜಾತ್ರೆಯೂ ಸುಗ್ಗಿಯ ಕಾಲಕ್ಕೆ ಸರಿಯಾಗಿ ಬರುತ್ತವೆ. ತಿರುಮಕೂಡಲಿನ ಸಂಗಮದಲ್ಲಿ 1989ರಲ್ಲಿ ಪ್ರಾರಂಭವಾದ ಕುಂಭಮೇಳವು ಮೂರು ವರ್ಷಗಳಿಗೊಮ್ಮೆ ನಡೆಯುವ ಪದ್ಧತಿಯದು. ತಲಕಾಡಿನ ಪಂಚಲಿಂಗ ದರ್ಶನವು ಪಂಚಾಂಗದ ಯೋಗ ಕೂಡಿದ ವರ್ಷಗಳಲ್ಲಿ ಮಾತ್ರ, ಅಂದರೆ 2009, 2013, 2020ರಲ್ಲಿ ನಡೆಯಿತು. ಇವಲ್ಲದೆ ಸೋಮವಾರ ಹುಣ್ಣಿಮೆಗಳ ಯಾತ್ರಿಕರು ವರ್ಷವೆಲ್ಲಾ ಬರುವರು. ಸುಮಾರು 23 ಕಿಲೋಮೀಟರು ದೂರದಲ್ಲಿ ಮೈಸೂರು ದಸರಾ ಇದೆ. ಇಷ್ಟು ಗಿರಾಕಿ ಮನೆಯ ಬಾಗಿಲಿಗೇ ಬರುವಾಗಲೂ ಬೆಳೆದವನ ಕೈಯಲ್ಲಿ ಉಳಿಯುವುದು ಅತ್ಯಲ್ಪವಾಗಿರುವುದಕ್ಕೆ ಕಾರಣವನ್ನು ವಿಚಾರಿಸತಕ್ಕದ್ದು ಅವಶ್ಯ.

ಮುಂಗಡದ ಮಾತು

ಮೊದಲನೆಯ ಕಾರಣವು ತೋಟದಲ್ಲಿಯೇ ಹುಟ್ಟುತ್ತದೆ. ಬಾಳೆಯು ಮೂತಿ ಬಿಟ್ಟ ತಿಂಗಳಿನಲ್ಲಿಯೇ ವ್ಯಾಪಾರಸ್ಥನು ಬಂದು, "ಗೌಡರೇ, ಈ ಸಾರಿ ಜಾತ್ರೆಗೆ ಮಾಲು ಬಹಳ ಬರುವಂತಿದೆ, ಆಮೇಲೆ ಕೇಳುವವರೇ ಇರುವುದಿಲ್ಲ, ಈಗಲೇ ಮಾತಾಡಿಬಿಡಿ" ಎನ್ನುತ್ತಾನೆ. ಮನೆಯಲ್ಲಿ ಮಕ್ಕಳ ಮದುವೆಯೋ, ಶಾಲೆಯ ಫೀಜೋ, ಕೊಳವೆಬಾವಿಯ ರಿಪೇರಿಯೋ ಇದ್ದೇ ಇರುತ್ತದೆ. "ಆಗಲಿ ಸಾಹುಕಾರರೇ, ಒಂದಿಷ್ಟು ಮುಂಗಡ ಕೊಟ್ಟು ಹೋಗಿ" ಎಂದು ಹೇಳುವುದರೊಂದಿಗೆ ವ್ಯಾಪಾರವು ಮುಗಿಯಿತು. ವ್ಯಾಪಾರಸ್ಥನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಅವನು ಹಣವನ್ನು ಮೊದಲೇ ಹಾಕಿ, ಗಾಳಿ ಮಳೆ ಧಾರಣೆಗಳ ಅಪಾಯವನ್ನು ತಾನು ಹೊರುತ್ತಾನೆ. ಆದರೆ ಆ ಅಪಾಯಕ್ಕೆ ಅವನು ಕಟ್ಟುವ ಬೆಲೆ ಎಷ್ಟೆಂಬುದನ್ನು ಬೆಳೆಗಾರನು ಲೆಕ್ಕಹಾಕದೆ ಒಪ್ಪಿಕೊಳ್ಳುವುದು ಸರಿಯಲ್ಲ. ಹಣದ ಅಗತ್ಯವೊಂದೇ ಕಾರಣವಾದರೆ, ಗ್ರಾಮದ ಸಹಕಾರ ಸಂಘದ ಮೂಲಕ ದೊರೆಯುವ ಬೆಳೆಸಾಲವಿದೆ. ವಾಯಿದೆಯೊಳಗೆ ತೀರಿಸುವವರಿಗೆ ಬಡ್ಡಿಯಿಲ್ಲದೆ ಕೊಡುವ ಈ ಸಾಲದ ಮಿತಿಯನ್ನು ರಾಜ್ಯ ಸರ್ಕಾರದವರು 2023-24ನೇ ಸಾಲಿನಲ್ಲಿ 3 ಲಕ್ಷ ರೂಪಾಯಿಗಳಿಂದ 5 ಲಕ್ಷಕ್ಕೆ ಏರಿಸಿದರು.

ಇನ್ನು ತಾವೇ ಜಾತ್ರೆಯಲ್ಲಿ ಅಂಗಡಿ ಇಟ್ಟು ಮಾರಿದರೆ ಹಣವೆಲ್ಲಾ ತಮ್ಮದೇ ಎಂದು ಹೇಳುವ ಉತ್ಸಾಹಿಗಳೂ ಇದ್ದಾರೆ. ಇವರೂ ಲೆಕ್ಕಕ್ಕೆ ಕುಳಿತಿರುವುದಿಲ್ಲ. ಆದಕಾರಣ ಒಂದು ಮಾದರಿ ಲೆಕ್ಕವನ್ನು ಇಲ್ಲಿ ವಿವರಿಸುವೆನು. ಇದರಲ್ಲಿನ ಅಂಕಿಗಳು ಕಲ್ಪಿತವಾದವು. ಓದುವವರು ತಮ್ಮ ತೋಟದ ನಿಜವಾದ ಅಂಕಿಗಳನ್ನು ಇವುಗಳ ಸ್ಥಾನದಲ್ಲಿ ಇಟ್ಟುಕೊಳ್ಳಬೇಕು.

ಒಬ್ಬ ಬೆಳೆಗಾರನಿಗೆ ಒಂದೊಂದು 10 ಕಿಲೋ ತೂಗುವ 100 ಗೊನೆಗಳಿವೆಯೆಂದು ಭಾವಿಸೋಣ. ತೋಟದಲ್ಲಿಯೇ ದಿಂಡು ಸಹಿತ ಕಿಲೋ ಒಂದಕ್ಕೆ 35 ರೂಪಾಯಿ ಕೊಡಲು ವ್ಯಾಪಾರಸ್ಥನು ಸಿದ್ಧನಾಗಿದ್ದಾನೆ. ಅಂದರೆ ಕೈ ಮೈ ನೋಯದೆ 35,000 ರೂಪಾಯಿ ಬರುತ್ತದೆ. ಜಾತ್ರೆಯಲ್ಲಿ ಹಣ್ಣಿನ ಧಾರಣೆ ಕಿಲೋಗೆ 70 ರೂಪಾಯಿ. ಎರಡರಷ್ಟು ಎಂದು ಹಿಗ್ಗುವ ಮುಂಚೆ ಕಳೆಯಬೇಕಾದುದನ್ನು ಕಳೆಯೋಣ. ದಿಂಡಿನ ತೂಕವೆಂದು ನೂರಕ್ಕೆ ಹತ್ತು ಹೋದರೆ 900 ಕಿಲೋ. ಹಣ್ಣು ಮಾಡುವಾಗ ತೂಕ ಬತ್ತಿ, ಸಾಗಾಣೆಯಲ್ಲಿ ನಜ್ಜಿ, ಮತ್ತೆ ನೂರಕ್ಕೆ ಹತ್ತು ಹೋದರೆ ಮಾರಲು ಉಳಿಯುವುದು 810 ಕಿಲೋ. ಖರ್ಚಿನ ಬಾಬುಗಳು ಹೀಗೆ: ಕಡಿದು ಸಾಗಿಸಲು 3,000, ಹಣ್ಣು ಮಾಡಲು 2,000, ನೆಲಬಾಡಿಗೆ ಮತ್ತು ಚಪ್ಪರಕ್ಕೆ 2,500, ಇಬ್ಬರು ಆಳುಗಳಿಗೆ ಐದು ದಿನಕ್ಕೆ ದಿನಕ್ಕೆ ತಲಾ 600ರಂತೆ 6,000, ಚೀಲ ಕಾಗದ ದೀಪ ಮುಂತಾದ್ದಕ್ಕೆ 1,500, ಒಟ್ಟು 15,000 ರೂಪಾಯಿ. 810 ಕಿಲೋ ಪೂರ್ತಿ 70ರಂತೆ ಹೋದರೆ 56,700 ಬಂದು, ಖರ್ಚು ಕಳೆದು 41,700 ಉಳಿಯುವುದು. ತೋಟದಲ್ಲಿ ಮಾರುವುದಕ್ಕಿಂತ 6,700 ಹೆಚ್ಚು. ಐದು ದಿನ ಮನೆಮಂದಿಯೆಲ್ಲಾ ಬಿಸಿಲಿನಲ್ಲಿ ನಿಂತದ್ದಕ್ಕೆ ಇದು ಕೂಲಿಯೇ ಹೊರತು ದೊಡ್ಡ ಲಾಭವೆಂದು ಹೇಳಲಾಗುವುದಿಲ್ಲ.

ಈ ಲೆಕ್ಕದಿಂದ ಮತ್ತೊಂದು ಅಂಕಿಯನ್ನು ತೆಗೆಯಬಹುದು. ತೋಟದ ಬೆಲೆ 35,000, ಖರ್ಚು 15,000, ಎರಡೂ ಸೇರಿ 50,000. ಇದನ್ನು 810ರಿಂದ ಭಾಗಿಸಿದರೆ ಕಿಲೋಗೆ ಸುಮಾರು 62 ರೂಪಾಯಿ ಬೀಳುತ್ತದೆ. ಸರಾಸರಿಯಲ್ಲಿ 62ಕ್ಕೆ ಕಡಿಮೆ ಬರುವುದಾದರೆ ಜಾತ್ರೆಗೆ ಹೋಗುವುದೇ ವ್ಯರ್ಥ. ಮುಂಚೆಯೇ ತೋಟದಲ್ಲಿ ಕೊಟ್ಟುಬಿಡುವುದು ಮೇಲು. ಈ ಒಂದು ಅಂಕಿಯನ್ನು ಗೊತ್ತುಮಾಡಿಕೊಳ್ಳದೆ ಗಾಡಿ ಹೂಡಬಾರದು. ವ್ಯಾಪಾರಸ್ಥನು 35ಕ್ಕೆ ಬದಲಾಗಿ 40 ಕೊಡುವೆನೆಂದರೆ ಇದೇ ಅಂಕಿ ಸುಮಾರು 68ಕ್ಕೆ ಏರುವುದರಿಂದ, ಸ್ವಂತ ಅಂಗಡಿಯ ಆಸೆಯನ್ನು ಬಿಡುವುದೇ ವಿವೇಕವಾಗಬಹುದು.

ಬೆಲೆ ಇಳಿಸುವ ಸಮಯ

ಜಾತ್ರೆಯಲ್ಲಿ ನಷ್ಟವಾಗುವುದು ಮೊದಲ ದಿನದ ಧಾರಣೆಯಿಂದಲ್ಲ, ಕೊನೆಯ ದಿನದ ಹಟದಿಂದ. ತೇರಿನ ಮಾರನೆಯ ದಿನ ಬೆಳಗ್ಗೆ ರಥಬೀದಿಯಲ್ಲಿ ನಡೆದು ಬಂದರೆ, ಚಪ್ಪರದ ಕೆಳಗೆ ಕಪ್ಪಾಗಿ ಕಳಚಿಬಿದ್ದ ಹಣ್ಣಿನ ರಾಶಿಗಳನ್ನೂ, ಅವುಗಳ ಮುಂದೆ ನಿದ್ದೆಗೆಟ್ಟು ಕುಳಿತ ಬೆಳೆಗಾರರನ್ನೂ ಕಾಣಬಹುದು. ಹಿಂದಿನ ಸಾಯಂಕಾಲ 70ಕ್ಕೆ ಒಂದು ಕಾಸು ಕಡಿಮೆಯಾದರೂ ಕೊಡೆನೆಂದವರು ಇವರೇ.

ಮೇಲಿನ ಮಾದರಿಯಲ್ಲಿಯೇ, 70ನ್ನು ಬಿಡದೆ ನಿಂತವನು 600 ಕಿಲೋ ಮಾತ್ರ ಮಾರಿ, ಮಿಕ್ಕ 210 ಕಿಲೋವನ್ನು ಜಾತ್ರೆ ಮುಗಿದ ಮೇಲೆ 30ರಂತೆ ತಳ್ಳಿದನೆನ್ನೋಣ. ಅವನಿಗೆ ಬರುವುದು 42,000 ಮತ್ತು 6,300, ಒಟ್ಟು 48,300. ಖರ್ಚು ಕಳೆದರೆ 33,300. ತೋಟದ ಬೆಲೆಗಿಂತಲೂ ಕಡಿಮೆ. ಪಕ್ಕದ ಅಂಗಡಿಯವನು 500 ಕಿಲೋವನ್ನು 70ರಂತೆ ಮಾರಿ, ತೇರಿನ ದಿನ ಮಧ್ಯಾಹ್ನದ ಮೇಲೆ ಜನ ತಿರುಗುವುದನ್ನು ಕಂಡು ಧಾರಣೆಯನ್ನು 55ಕ್ಕೆ ಇಳಿಸಿ 270 ಕಿಲೋ ಮಾರಿ, ಕೊನೆಯ 40 ಕಿಲೋವನ್ನು ಮಾತ್ರ 30ಕ್ಕೆ ಬಿಟ್ಟರೆ, ಅವನಿಗೆ 35,000, 14,850, 1,200, ಒಟ್ಟು 51,050 ಬಂದು, ಖರ್ಚು ಕಳೆದು 36,050 ಉಳಿಯುತ್ತದೆ. ಮೊದಲನೆಯವನು ಹೆಚ್ಚು ಹಣ್ಣನ್ನು ಮೇಲ್ಧಾರಣೆಗೆ ಮಾರಿದನು. ಆದರೂ ಅವನಿಗಿಂತ 2,750 ರೂಪಾಯಿ ಹೆಚ್ಚಾಗಿ ಮನೆಗೆ ತಂದವನು ಎರಡನೆಯವನು.

"62ಕ್ಕೆ ಕಡಿಮೆ ಮಾರಿದರೆ ನಷ್ಟವೆಂದು ನೀವೇ ಹೇಳಿದಿರಲ್ಲ, 55ಕ್ಕೆ ಮಾರುವುದು ಹೇಗೆ?" ಎಂದು ಕೇಳುವವರು ಉಂಟು. ಇದಕ್ಕೆ ಉತ್ತರವನ್ನು ಚೆನ್ನಾಗಿ ಗ್ರಹಿಸಬೇಕು. 62 ಎಂಬುದು ಮನೆಯಿಂದ ಹೊರಡುವ ಮುಂಚೆ, ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ ಇರುವ ಅಂಕಿ. ಒಂದು ಸಾರಿ ಗೊನೆ ಕಡಿದು, ಹಣ್ಣು ಮಾಡಿ, ನೆಲಬಾಡಿಗೆ ಕಟ್ಟಿ ಅಂಗಡಿ ಇಟ್ಟಾದ ಮೇಲೆ ಆ ಖರ್ಚು ಹಣ್ಣು ಮಾರಿದರೂ ಹೋಯಿತು, ಮಾರದಿದ್ದರೂ ಹೋಯಿತು. ಆಗ ಎದುರಿಗಿರುವ ಪ್ರಶ್ನೆ ಒಂದೇ: ಈ ಕಿಲೋ ಹಣ್ಣಿಗೆ ನಾಳೆ ಏನು ಸಿಕ್ಕೀತು? ನಾಳೆ 30 ಸಿಕ್ಕುವುದಾದರೆ ಇಂದಿನ 55 ಲಾಭವೇ ಸರಿ. ಸರಾಸರಿಯು ಕೊನೆಗೆ 62ರ ಮೇಲೆ ನಿಲ್ಲುವಂತೆ ಮೊದಲ ದಿನಗಳಲ್ಲಿ ನೋಡಿಕೊಳ್ಳಬೇಕು. ಮೇಲೆ ಹೇಳಿದ ಎರಡನೆಯವನ ಸರಾಸರಿ ಸುಮಾರು 63.

ಹೂವಿನಂತಹ ಬೇಗನೆ ಕೆಡುವ ಮಾಲಿಗೆ ಮೇಲಿನಿಂದ ಕೆಳಕ್ಕೆ ಇಳಿಯುವ ಧಾರಣೆಯೇ ಸರಿಯೆಂಬುದನ್ನು ಹಾಲೆಂಡ್ ದೇಶದವರು ಬಹಳ ಹಿಂದೆಯೇ ಕಂಡುಕೊಂಡರು. ಅಲ್ಲಿನ ಆಲ್ಸ್‌ಮೇರ್ ಪಟ್ಟಣದ ಹೂವಿನ ಹರಾಜಿನಲ್ಲಿ ಬೆಲೆ ಏರುವುದಿಲ್ಲ. ಗಡಿಯಾರದಂಥ ಯಂತ್ರದಲ್ಲಿ ಹೆಚ್ಚಿನ ಬೆಲೆಯಿಂದ ಪ್ರಾರಂಭವಾಗಿ ಇಳಿಯುತ್ತಾ ಬರುತ್ತದೆ, ಮೊದಲು ತಡೆದವನಿಗೆ ಮಾಲು. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿರುವ ಹೂವಿನ ಹರಾಜು ಕೇಂದ್ರವೂ ಇದೇ ರೀತಿಯಲ್ಲಿ ಏರ್ಪಟ್ಟದ್ದು. ಜಾತ್ರೆಯ ಅಂಗಡಿಗೆ ಯಂತ್ರದ ಅಗತ್ಯವಿಲ್ಲ. ಯಾವ ಹೊತ್ತಿಗೆ ಎಷ್ಟು ಮಾಲು ಉಳಿದಿದ್ದರೆ ಎಷ್ಟಕ್ಕೆ ಇಳಿಸಬೇಕೆಂದು ಒಂದು ಚೀಟಿಯಲ್ಲಿ ಮೊದಲೇ ಬರೆದಿಟ್ಟುಕೊಂಡರೆ, ಆ ಗಲಾಟೆಯಲ್ಲಿ ಹಟಕ್ಕೂ ಗಾಬರಿಗೂ ಎಡೆಯಿರುವುದಿಲ್ಲ.

ಇಳಿಸುವುದಕ್ಕೆ ನಮ್ಮಲ್ಲಿ ಕೊಸರು ಎಂಬ ಒಳ್ಳೆಯ ಉಪಾಯವಿದೆ. ಡಜನ್ ಹಣ್ಣಿಗೆ 60 ರೂಪಾಯಿ ತೆಗೆದುಕೊಂಡು ಒಂದು ಹಣ್ಣನ್ನು ಕೊಸರಾಗಿ ಕೊಟ್ಟರೆ, ಡಜನ್ನನ್ನು 55 ರೂಪಾಯಿ 38 ಪೈಸೆಗೆ ಮಾರಿದಂತೆ ಆಗುತ್ತದೆ. ಬಾಯಲ್ಲಿ ಹೇಳುವ ಧಾರಣೆ ಮಾತ್ರ 60ರಲ್ಲಿಯೇ ನಿಲ್ಲುವುದರಿಂದ, ಬೆಳಗ್ಗೆ ಕೊಂಡವನು ಬಂದು ಜಗಳವಾಡುವುದಿಲ್ಲ, ಪಕ್ಕದ ಅಂಗಡಿಯವನು ಪಂತಕ್ಕೆ ಬಿದ್ದು ಇನ್ನೂ ಇಳಿಸುವುದೂ ಇಲ್ಲ. ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಮಗುವಿನ ಕೈಗೇ ಕೊಸರು ಹಣ್ಣನ್ನು ಇಟ್ಟರೆ ಅವಳು ಮುಂದಿನ ಸೋಮವಾರವೂ ಅದೇ ಅಂಗಡಿಯನ್ನು ಹುಡುಕಿ ಬರುವಳು. ಆದರೆ ಮಾಲು ಕಡಿಮೆಯಿದ್ದು ಗಿರಾಕಿ ಹೆಚ್ಚಿರುವ ಮೊದಲ ದಿನದಲ್ಲಿಯೇ ಕೊಸರು ಕೊಡಲು ಪ್ರಾರಂಭಿಸುವುದು ಕೈಯಾರೆ ಕಳೆದುಕೊಂಡಂತೆ.

ಹಣ್ಣು, ಕಾಯಿ, ವೀಳ್ಯದೆಲೆ, ಹೂವು, ಊದುಬತ್ತಿ ಇವನ್ನು ಸೇರಿಸಿ ಒಂದು ತಟ್ಟೆಗೆ ಒಂದೇ ಬೆಲೆ ಹೇಳುವುದು ಮತ್ತೊಂದು ಉಪಾಯ. ದೇವಾಲಯಕ್ಕೆ ಹೋಗುವ ಆತುರದಲ್ಲಿರುವವನಿಗೆ ಐದು ಕಡೆ ಚೌಕಾಸಿ ಮಾಡುವ ತೊಂದರೆ ತಪ್ಪುತ್ತದೆ. ಬೆಳೆಗಾರನಿಗೆ ಹಣ್ಣಿನ ಜೊತೆಯಲ್ಲಿ ತನ್ನ ತೆಂಗು, ಎಲೆ, ಹೂವು ಎಲ್ಲವೂ ಹೋಗುತ್ತವೆ. ಬೆಲೆಯು ಚಿಲ್ಲರೆ ಹುಡುಕಬೇಕಾಗದ ಮೊತ್ತವಾಗಿರಲಿ. ಈಗ ಜನರು ಮೊಬೈಲ್ ಫೋನಿನ ಮೂಲಕ ಹಣ ಕೊಡುವುದು ರೂಢಿಯಾಗಿದ್ದರೂ, ತೇರಿನ ದಿನದ ಸಂದಣಿಯಲ್ಲಿ ಸಂಪರ್ಕ ಕಡಿದುಹೋಗುವುದುಂಟಾದುದರಿಂದ ಹತ್ತು ಇಪ್ಪತ್ತರ ನೋಟುಗಳನ್ನು ಹಿಂದಿನ ದಿನವೇ ಕೂಡಿಸಿಟ್ಟುಕೊಳ್ಳತಕ್ಕದ್ದು.

ಎಲ್ಲಾ ಗಿರಾಕಿಯೂ ಒಂದೇ ಹಣ್ಣನ್ನು ಬೇಡುವುದಿಲ್ಲವೆಂಬುದನ್ನೂ ಮರೆಯಬಾರದು. ರಥಕ್ಕೆ ಹಣ್ಣು ಜವನ ಎಸೆಯುವವನಿಗೆ ಸಣ್ಣ ಹಣ್ಣು ಸಾಕು. ಮನೆಗೆ ಪ್ರಸಾದವಾಗಿ ಒಯ್ಯುವವನಿಗೆ ನೋಟವುಳ್ಳ ಚಿಪ್ಪು ಬೇಕು. ಗೊನೆಯ ತುದಿಯ ಚಿಪ್ಪುಗಳನ್ನು ಬಿಡಿಸಿ ಎಸೆಯುವ ಹಣ್ಣಾಗಿ ಬೇರೆ ಬುಟ್ಟಿಯಲ್ಲಿಟ್ಟು ಕಡಿಮೆ ಬೆಲೆಗೆ ಮಾರಿದರೆ, ಮೇಲಿನ ಚಿಪ್ಪುಗಳಿಗೆ ಹೆಚ್ಚು ಕೇಳುವುದಕ್ಕೆ ಮುಖ ಬರುತ್ತದೆ. ಗೊನೆಯನ್ನೆಲ್ಲಾ ಒಂದೇ ಧಾರಣೆಗೆ ಕಲಸಿ ಮಾರುವವನಿಗೆ ಎರಡೂ ಕಡೆಯ ಗಿರಾಕಿ ತಪ್ಪುತ್ತದೆ.

ಪಂಚಾಂಗವನ್ನು ನೋಡಿ ನಾಟಿ

ಸಂಕ್ರಾಂತಿಯು ಸೌರಮಾನದ ಹಬ್ಬವಾದುದರಿಂದ ಜನವರಿ 14 ಅಥವಾ 15ಕ್ಕೆ ತಪ್ಪದೆ ಬರುವುದು. ಕಬ್ಬು, ಅವರೆ, ಎಳ್ಳು ಬೆಳೆಯುವವರಿಗೆ ಈ ವಿಷಯದಲ್ಲಿ ಚಿಂತೆಯಿಲ್ಲ. ಚಾಂದ್ರಮಾನದ ಹಬ್ಬಗಳ ರೀತಿಯೇ ಬೇರೆ. ವಿಜಯದಶಮಿಯು 2023ರಲ್ಲಿ ಅಕ್ಟೋಬರ್ 24ಕ್ಕೂ, 2024ರಲ್ಲಿ 12ಕ್ಕೂ, 2025ರಲ್ಲಿ 2ಕ್ಕೂ ಬಿತ್ತು. ಎರಡು ವರ್ಷಗಳಲ್ಲಿ 22 ದಿನಗಳ ವ್ಯತ್ಯಾಸ. ಅಧಿಕಮಾಸ ಬಂದ ವರ್ಷ ಹಬ್ಬವು ಮತ್ತೆ ಮುಂದಕ್ಕೆ ನೆಗೆಯುತ್ತದೆ. 2023ರಲ್ಲಿ ಅಧಿಕ ಶ್ರಾವಣವಿದ್ದುದೇ ಆ ವರ್ಷದ ತಡಕ್ಕೆ ಕಾರಣ, 2026ರ ಪಂಚಾಂಗದಲ್ಲಿ ಅಧಿಕ ಜ್ಯೇಷ್ಠವಿದೆ. ಹೋದ ವರ್ಷ ಇಂಥ ತಾರೀಖಿನಲ್ಲಿ ನಾಟಿ ಮಾಡಿ ಹಣ ಕಂಡೆನೆಂದು ಅದೇ ತಾರೀಖಿಗೆ ನಾಟಿ ಮಾಡುವವನ ಹೂವು ಹಬ್ಬವಾದ ಹತ್ತನೆಯ ದಿನ ಅರಳುವುದು.

ಚೆಂಡುಹೂವು ಬಿತ್ತಿದ ಸುಮಾರು 60ರಿಂದ 70 ದಿನಗಳಿಗೆ ಕೊಯ್ಲಿಗೆ ಬರುತ್ತದೆ. ಕುಡಿ ಚಿವುಟಿದರೆ ಕವಲು ಹೆಚ್ಚಿ ಹೂವು ಹೆಚ್ಚಾಗುವುದಾದರೂ ಕೆಲವು ದಿನ ತಡವಾಗುವುದು. ಆದಕಾರಣ 2025ರಲ್ಲಿ ಅಕ್ಟೋಬರ್ 1ರ ಆಯುಧಪೂಜೆಗೆ ಹೂವು ಬೇಕಾದವನು ಜುಲೈ ನಡುವೆಯೇ ಬೀಜ ಹಾಕಬೇಕಾಗಿತ್ತು. 2023ರಲ್ಲಿ ಆಗಸ್ಟ್ ಮೊದಲ ವಾರ ಸಾಕಾಗಿತ್ತು. ಸೇವಂತಿಗೆಯು ರಾತ್ರಿ ಉದ್ದವಾದಾಗ ತಾನಾಗಿ ಮೊಗ್ಗು ಕಟ್ಟುವ ಗಿಡವಾದುದರಿಂದ ದಸರಾ ದೀಪಾವಳಿಗಳಿಗೆ ಸ್ವಭಾವತಃ ಒದಗುತ್ತದೆ. ಹೊಲದಲ್ಲಿ ರಾತ್ರಿ ವಿದ್ಯುದ್ದೀಪ ಹಾಕಿ ಮೊಗ್ಗನ್ನು ತಡೆದು ಬೇಕಾದ ಹಬ್ಬಕ್ಕೆ ಅರಳಿಸುವವರೂ ಈಗ ಇದ್ದಾರೆ. ಬಾಳೆಯ ವಿಷಯದಲ್ಲಿ ನಾಟಿಯ ದಿನಕ್ಕಿಂತ ಮೂತಿ ಬಿಟ್ಟ ದಿನವೇ ನಂಬತಕ್ಕದ್ದು. ಮೂತಿ ಬಿಟ್ಟ 90ರಿಂದ 120 ದಿನಗಳಲ್ಲಿ ಗೊನೆ ಬಲಿಯುತ್ತದೆ, ಚಳಿಗಾಲದಲ್ಲಿ ಹೆಚ್ಚು ದಿನ ಹಿಡಿಯುತ್ತದೆ. ಮೂತಿ ಬಿಟ್ಟ ವಾರದಲ್ಲಿ ಗಿಡಕ್ಕೊಂದು ಬಣ್ಣದ ದಾರವನ್ನು ಕಟ್ಟುತ್ತಾ ಬಂದರೆ, ಜಾತ್ರೆಗೆ ಎಷ್ಟು ಗೊನೆ ಒದಗುವುದೆಂಬುದು ಮೂರು ತಿಂಗಳು ಮುಂಚೆಯೇ ಕೈಬೆರಳಿನಲ್ಲಿ ಎಣಿಸಿದಂತೆ ತಿಳಿಯುವುದು. ಮುಂಗಡ ಹಿಡಿದು ಬಂದ ಸಾಹುಕಾರರೊಡನೆ ಮಾತನಾಡಲು ಇದಕ್ಕಿಂತ ದೊಡ್ಡ ಬಲ ಬೇರೆಯಿಲ್ಲ.

ಇಷ್ಟಾದರೂ ಒಂದೇ ಹಬ್ಬವನ್ನು ನಂಬಿ ಹೊಲವನ್ನೆಲ್ಲಾ ಹೂವಿಗೆ ಹಾಕುವುದನ್ನು ನಾನು ಒಪ್ಪಲಾರೆ. ಚೆಂಡುಹೂವಿನ ಗಿಡ ಒಂದೇ ಸಾರಿಗೆ ಕೊಯ್ದು ಮುಗಿಯುವುದಲ್ಲ. ಹಬ್ಬದ ಹಿಂದಿನ ದಿನದ ಒಂದು ಎರಡು ಕೊಯ್ಲು ಮಾತ್ರ ಮೇಲ್ಧಾರಣೆ ಕಾಣುತ್ತದೆ, ಮಿಕ್ಕವೆಲ್ಲಾ ಮಾಮೂಲು ಧಾರಣೆ. ಆಯುಧಪೂಜೆಯ ಮಾರನೆಯ ದಿನ ಮಾರುಕಟ್ಟೆಯಲ್ಲಿ ಹೂವನ್ನು ಕೇಳುವವರಿರುವುದಿಲ್ಲ. ಹೊಲದ ಮೂರನೆಯ ಒಂದು ಪಾಲನ್ನು ಹಬ್ಬಕ್ಕೆಂದು ಇಟ್ಟು, ಉಳಿದುದರಲ್ಲಿ ಹತ್ತು ಹತ್ತು ದಿನಗಳ ಅಂತರದಲ್ಲಿ ಬಿತ್ತಿದರೆ ಬೆಳೆಗಾರನ ಎದೆ ನಡುಗುವುದು ಕಡಿಮೆಯಾಗುವುದು. ಜಾತ್ರೆಯೇ ನಡೆಯದ ವರ್ಷವೂ ಉಂಟೆಂಬುದನ್ನು 2020 ಕಲಿಸಿತು. ಆ ವರ್ಷ ಮಾರ್ಚ್ 25ರಿಂದ ದೇಶವೆಲ್ಲಾ ಬಾಗಿಲು ಹಾಕಿತು; ಜಾತ್ರೆಗೆಂದು ಬೆಳೆದ ಹೂವು ಹಣ್ಣುಗಳು ಹೊಲದಲ್ಲಿಯೇ ಉಳಿದವು. ಅದೇ ವರ್ಷ ಡಿಸೆಂಬರ್‌ನಲ್ಲಿ ತಲಕಾಡಿನ ಪಂಚಲಿಂಗ ದರ್ಶನಕ್ಕೆ ಬರುವ ಜನರಿಗೆ ಮಿತಿ ಹಾಕಲಾಯಿತು. 2022ರಲ್ಲಿ ಆಗಬೇಕಾಗಿದ್ದ ಕುಂಭಮೇಳ ನಡೆಯದೆ, 2019ರ ತರುವಾಯ 2025ರ ಫೆಬ್ರವರಿ 10ರಿಂದ 12ರವರೆಗೆ ನಡೆಯಿತು.

ಕಾಯಬಲ್ಲ ಮಾಲನ್ನೂ ಕಾಯಲಾರದ ಮಾಲನ್ನೂ ಜೊತೆಯಲ್ಲಿ ಬೆಳೆಯುವುದು ಇದಕ್ಕೆ ತಕ್ಕ ಪರಿಹಾರ. ಬೂದುಗುಂಬಳವು ಇದಕ್ಕೆ ಒಳ್ಳೆಯ ನಿದರ್ಶನ. ಆಯುಧಪೂಜೆಗೆ ಇದರ ಗಿರಾಕಿ ಎಷ್ಟೆಂಬುದನ್ನು ಹೇಳಲವಶ್ಯವಿಲ್ಲ. ತೊಟ್ಟನ್ನು ಬಿಟ್ಟು ಕೊಯ್ದು, ಮೇಲಿನ ಬೂದಿಯನ್ನು ಉಜ್ಜದೆ, ನೆರಳಿನಲ್ಲಿ ಗಾಳಿಯಾಡುವಂತೆ ಹುಲ್ಲಿನ ಮೇಲೆ ಒಂದೊಂದಾಗಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಬ್ಬಕ್ಕೆ ತಿಂಗಳು ಮುಂಚೆ ಹೊಲದಲ್ಲಿಯೇ ಕೊಟ್ಟುಬಿಡುವುದರಿಂದ ವ್ಯಾಪಾರಸ್ಥನ ಕೊಠಡಿಯಲ್ಲಿ ಅದು ಕಾಯುತ್ತದೆ, ಕಾದುದರ ಫಲವೂ ಅವನಿಗೇ ಹೋಗುತ್ತದೆ. ಉಳಿದ ಕಾಯಿ ಕಾಶಿ ಹಲ್ವಕ್ಕೆ ಬೇಕಾಗುವುದರಿಂದ ಅಡಿಗೆಯವರಿಗೆ ಮಾರಬಹುದು. ತೆಂಗಿನಕಾಯಿ, ಬೆಲ್ಲಗಳೂ ಹೀಗೆಯೇ.

ರಸಬಾಳೆಯ ಹೆಸರು

ಊರಿನ ಹೆಸರೇ ಮಾಲಿಗೆ ಬೆಲೆ ತರುವುದೆಂಬುದಕ್ಕೆ ನಂಜನಗೂಡಿನವರಿಗೆ ಉದಾಹರಣೆಯನ್ನು ಹೊರಗೆ ಹುಡುಕಬೇಕಾಗಿಲ್ಲ. 1913ರಲ್ಲಿ ಸ್ಥಾಪಿತವಾದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ಜನರು ಇಂದಿಗೂ ಊರಿನ ಹೆಸರಿನಿಂದಲೇ ಕರೆಯುವರು. ನಂಜನಗೂಡು ರಸಬಾಳೆಗೆ 2005-06ನೇ ಸಾಲಿನಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆಗಳಿಗೂ ಇದೇ ರಕ್ಷಣೆಯುಂಟು. 1999ರ ಭೌಗೋಳಿಕ ಗುರುತುಗಳ ಕಾಯಿದೆಯ ಮೇರೆಗೆ ಸುಳ್ಳಾಗಿ ಈ ಹೆಸರನ್ನು ಹಾಕಿ ಮಾರುವವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆಯೂ, 50,000ದಿಂದ 2 ಲಕ್ಷ ರೂಪಾಯಿವರೆಗೆ ಜುಲ್ಮಾನೆಯೂ ವಿಧಿಸಲ್ಪಡಬಹುದು.

ಹೀಗಿದ್ದರೂ ಜಾತ್ರೆಯ ದಿನಗಳಲ್ಲಿ ದೂರದ ಊರಿನಿಂದ ಬಂದ ಬೇರೆ ಜಾತಿಯ ಹಣ್ಣನ್ನು ರಸಬಾಳೆಯೆಂದು ಕೂಗಿ ಮಾರುವುದನ್ನು ಕೇಳುತ್ತೇವೆ. ಒಬ್ಬ ಯಾತ್ರಿಕನು ಹೆಚ್ಚು ಹಣ ಕೊಟ್ಟು ಕೊಂಡು ಮನೆಗೆ ಹೋಗಿ ತಿಂದು "ಇದೇನು ಹೆಸರಾದ ಹಣ್ಣು!" ಎಂದು ಹೇಳಿದರೆ, ಕೆಡುವುದು ಆ ಅಂಗಡಿಯವನ ಹೆಸರಲ್ಲ, ದೇವರಸನಹಳ್ಳಿ ಮೊದಲಾದ ಗ್ರಾಮಗಳಲ್ಲಿ ರೋಗದೊಡನೆ ಹೋರಾಡುತ್ತಾ ನಿಜವಾದ ತಳಿಯನ್ನು ಉಳಿಸಿಕೊಂಡು ಬಂದಿರುವವರ ಹೆಸರು. ಮುಖಂಡರು ಈ ವಿಷಯವನ್ನು ಜಾತ್ರೆಗೆ ಮುಂಚೆಯೇ ಪುರಸಭೆಯ ಮತ್ತು ದೇವಾಲಯದ ಅಧಿಕಾರಿಗಳ ಗಮನಕ್ಕೆ ತರತಕ್ಕದ್ದು. ನಿಜವಾದ ಬೆಳೆಗಾರರೆಲ್ಲರೂ ಒಂದೇ ಸಾಲಿನಲ್ಲಿ ಅಂಗಡಿ ಇಟ್ಟು, ಗ್ರಾಮದ ಹೆಸರನ್ನೂ ಆ ದಿನದ ಧಾರಣೆಯನ್ನೂ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದು ಇಡುವುದು ಖರ್ಚಿಲ್ಲದ ರಕ್ಷಣೆ.

ರಸಬಾಳೆಯನ್ನು ಮಾರುವುದರಲ್ಲಿ ಒಂದು ವಿಶೇಷ ತೊಡಕುಂಟು. ಪೂರ್ತಿ ಮಾಗಿದೊಡನೆ ಹಣ್ಣು ಚಿಪ್ಪಿನಿಂದ ಕಳಚಿ ಬೀಳುತ್ತದೆ. ರುಚಿ ಅತ್ಯಂತ ಹೆಚ್ಚಾಗಿರುವುದು ಆಗಲೇ. ಆದರೆ ಚಿಪ್ಪನ್ನು ನೋಡಿ ಕೊಳ್ಳುವವನು ಬಿಡಿಹಣ್ಣನ್ನು ಹಳತೆಂದು ತಿರಸ್ಕರಿಸುತ್ತಾನೆ. ಇದಕ್ಕಾಗಿ ಮಾಲನ್ನೆಲ್ಲಾ ಒಂದೇ ದಿನ ಹಣ್ಣಿಗೆ ಹಾಕದೆ ಮೂರು ಪಾಲು ಮಾಡಿ, ಒಂದು ಪಾಲು ತೇರಿನ ಹಿಂದಿನ ದಿನಕ್ಕೂ, ದೊಡ್ಡ ಪಾಲು ತೇರಿನ ದಿನಕ್ಕೂ, ಸಣ್ಣ ಪಾಲು ಮಾರನೆಯ ದಿನಕ್ಕೂ ಬಣ್ಣ ತಿರುಗುವಂತೆ ಹಾಕಬೇಕು. ಕಳಚಿದ ಹಣ್ಣನ್ನು ತೂಕದ ಮೇಲೆ, ಅಲ್ಲಿಯೇ ತಿನ್ನುವವರಿಗೆ ಒಂದು ರುಚಿ ತೋರಿಸಿ ಮಾರಿದರೆ ಹೋಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಬೇಗ ಬಣ್ಣ ತರಿಸುವುದನ್ನು 2011ರ ಆಹಾರ ಸುರಕ್ಷಾ ನಿಯಮಗಳು ಸಂಪೂರ್ಣವಾಗಿ ನಿಷೇಧಿಸಿವೆ. ಎಥಿಲೀನ್ ಅನಿಲವನ್ನು ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ ಮೀರದಂತೆ ಉಪಯೋಗಿಸಬಹುದು. ನಮ್ಮ ಹಿರಿಯರ ಹೊಗೆ ಹಾಕುವ ಪದ್ಧತಿ ಸಣ್ಣ ಪ್ರಮಾಣಕ್ಕೆ ಈಗಲೂ ಸಾಲುವುದು.

ಧಾರಣೆ ಏರಿದ ವರ್ಷ ಕಂದುಗಳಿಗೂ ಗಿರಾಕಿ ಏರುತ್ತದೆ. ಈ ಆಸೆಯಲ್ಲಿ ಪನಾಮ ಸೊರಗು ರೋಗ ತಗುಲಿದ ತೋಟದಿಂದ ಕಂದುಗಳನ್ನು ಕಿತ್ತು ಮಾರುವುದೂ ಕೊಳ್ಳುವುದೂ ಎರಡೂ ಅಪರಾಧಕ್ಕೆ ಸಮಾನವೆಂದೇ ನನ್ನ ಅಭಿಪ್ರಾಯ. ರೋಗದ ಬೂಷ್ಟು ಒಂದು ಸಾರಿ ನೆಲಕ್ಕೆ ಸೇರಿದರೆ ದಶಕಗಳವರೆಗೆ ಹೋಗುವುದಿಲ್ಲ. ಹೊರಗೆ ಆರೋಗ್ಯವಾಗಿ ಕಾಣುವ ಕಂದಿನಲ್ಲಿಯೂ ಅದು ಅಡಗಿರಬಹುದು. ಈ ಹಣ್ಣಿನ ತೋಟಗಳು ತಾಲ್ಲೂಕಿನಲ್ಲಿ ಈಗ ಇಷ್ಟು ವಿರಳವಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಓಣಂ ಹಬ್ಬದ ಗಿರಾಕಿ

ನೇಂದ್ರ ಬಾಳೆ ಬೆಳೆಯುವವರ ಹಬ್ಬ ನಮ್ಮ ಪಂಚಾಂಗದಲ್ಲಿಲ್ಲ, ಮಲೆಯಾಳದಲ್ಲಿದೆ. ತಿರುವೋಣವು 2023ರಲ್ಲಿ ಆಗಸ್ಟ್ 29, 2024ರಲ್ಲಿ ಸೆಪ್ಟೆಂಬರ್ 15, 2025ರಲ್ಲಿ ಸೆಪ್ಟೆಂಬರ್ 5ಕ್ಕೆ ಬಂದಿತು. ಉಪ್ಪೇರಿ ಕರಿಯುವವರಿಗೆ ಹಸಿಕಾಯಿ ಹಬ್ಬಕ್ಕೆ ಕೆಲವು ದಿನ ಮುಂಚೆಯೇ ಬೇಕಾಗುವುದರಿಂದ, ಹಬ್ಬದ ವಾರದಲ್ಲಿ ಹೊರಡುವ ಲಾರಿ ತಡವಾದಂತೆಯೇ ಸರಿ. ಕೋಳಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರಗಳ ಮೇಲೆ ಕೊಳ್ಳೇಗಾಲಕ್ಕೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನ ಭಾಗವನ್ನು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚುವ ನಿಯಮ 2009ರಲ್ಲಿ ಜಾರಿಗೆ ಬಂತು. ಸಂಜೆ ತಡವಾಗಿ ತುಂಬಿದ ಲಾರಿ ಒಂದು ರಾತ್ರಿಯನ್ನು ಅಲ್ಲಿಯೇ ಕಳೆಯುವುದು. ಆ ರಾತ್ರಿಯಲ್ಲಿ ಧಾರಣೆ ಇಳಿದರೆ ಅದರ ಲುಕ್ಸಾನು ಯಾರ ಪಾಲಿಗೆ ಎಂಬುದನ್ನು ಮಾಲು ತುಂಬುವ ಮುಂಚೆಯೇ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಬೇಕು.

ಮುಖಂಡರು ಮಾಡಬಹುದಾದ ಕೆಲಸ

ಒಂದೇ ಗ್ರಾಮದ ಹತ್ತು ಮಂದಿ ಹತ್ತು ಗಾಡಿಗಳಲ್ಲಿ ಹೋಗಿ ಹತ್ತು ನೆಲಬಾಡಿಗೆ ಕೊಟ್ಟು, ಕೊನೆಯಲ್ಲಿ ಒಬ್ಬರ ಮೇಲೊಬ್ಬರು ಬೆಲೆ ಇಳಿಸುವುದಕ್ಕೆ ಬದಲಾಗಿ, ಮೂರು ನಾಲ್ಕು ಮನೆಯವರು ಒಂದು ಚಪ್ಪರವನ್ನು ಇಟ್ಟು, ಆಳಿನ ಕೆಲಸವನ್ನು ಹಂಚಿಕೊಂಡರೆ ಮೇಲಿನ ಲೆಕ್ಕದಲ್ಲಿನ 15,000ದಲ್ಲಿ ಗಣನೀಯವಾದ ಭಾಗ ಉಳಿಯುವುದು. ಖರ್ಚು 15,000ದಿಂದ 10,000ಕ್ಕೆ ಇಳಿದರೆ 62ರ ಅಂಕಿ ಸುಮಾರು 56ಕ್ಕೆ ಬರುತ್ತದೆಂಬುದನ್ನು ಓದುವವರು ತಾವೇ ಭಾಗಿಸಿ ನೋಡಬಹುದು. ಯಾರ ಮಾಲು ಎಷ್ಟು ಬಂತು, ಯಾವ ದರ್ಜೆಯದು ಎಂಬುದನ್ನು ಬರೆದಿಡುವುದಕ್ಕೆ ಲೆಕ್ಕ ಬಲ್ಲ ಹುಡುಗನೊಬ್ಬನನ್ನು ಕೂರಿಸದೆ ಈ ಏರ್ಪಾಡಿಗೆ ಕೈಹಾಕಬಾರದು. ಇಂಥ ಪಾಲುಗಾರಿಕೆಗಳು ಮುರಿದಿರುವುದು ನಷ್ಟದಿಂದಲ್ಲ, ಅನುಮಾನದಿಂದ.

ತೂಕದ ಯಂತ್ರಕ್ಕೆ ವರ್ಷದ ಮುದ್ರೆ ಬಿದ್ದಿದೆಯೇ ಎಂದು ಹೊರಡುವ ಮುಂಚೆ ನೋಡಿಕೊಳ್ಳಬೇಕು. ಹಣ್ಣು ಹೂವುಗಳಿಗೆ ಬೆಳೆಗಾರನು ತನಗೆ ತೋರಿದ ಧಾರಣೆ ಹೇಳಬಹುದು. ಆದರೆ ಅದೇ ಅಂಗಡಿಯಲ್ಲಿ ಕಂಪನಿಯ ಪೊಟ್ಟಣದ ಊದುಬತ್ತಿ, ಕರ್ಪೂರ, ನೀರಿನ ಬಾಟಲಿಗಳನ್ನು ಇಟ್ಟಿದ್ದರೆ ಅವುಗಳ ಮೇಲೆ ಮುದ್ರಿತವಾದ ಗರಿಷ್ಠ ಬೆಲೆಯನ್ನು ಜಾತ್ರೆಯೆಂಬ ಕಾರಣಕ್ಕೆ ಮೀರಲಾಗದು. ಹಾಗೆ ಮಾಡುವುದು ಕಾನೂನುಬದ್ಧ ಮಾಪನ ನಿಯಮಗಳ ಪ್ರಕಾರ ಶಿಕ್ಷಾರ್ಹವಾದುದು.

ಕಡೆಯದಾಗಿ ಜವನದ ವಿಷಯ. ರಥಕ್ಕೆ ಎಸೆಯುವ ಹಣ್ಣಿನ ಜೊತೆಯಲ್ಲಿ ಬೇಕಾಗುವ ಈ ಸುಗಂಧದ ಗಿಡವನ್ನು ನವೆಂಬರ್ ಮೊದಲ ಹದಿನೈದು ದಿನಗಳಲ್ಲಿ ಬಿತ್ತಿದರೆ ಸುಮಾರು ನಾಲ್ಕು ತಿಂಗಳಿಗೆ, ಅಂದರೆ ದೊಡ್ಡ ಜಾತ್ರೆಯ ಕಾಲಕ್ಕೆ ಸರಿಯಾಗಿ ಕೊಯ್ಲಿಗೆ ಬರುತ್ತದೆ. ಬಾಳೆಯ ಅಂಗಡಿ ಇಡುವವರು ಮನೆಯ ಹಿಂದಿನ ಎರಡು ಗುಂಟೆಯಲ್ಲಿ ಇದನ್ನು ಹಾಕಿಕೊಂಡರೆ ಹೊರಗಿನಿಂದ ಕೊಳ್ಳಬೇಕಾಗುವುದಿಲ್ಲ. ಬೀಜ ಬಹಳ ನುಣುಪಾದುದರಿಂದ ಮರಳಿನೊಡನೆ ಬೆರಸಿ ಚೆಲ್ಲಿ, ಮೊಳೆಯುವವರೆಗೆ ಪಾತಿಯ ತೇವವನ್ನು ಕೈನೀರಿನಿಂದಲೇ ಕಾಪಾಡಬೇಕು.